ನಡುಸಮುದ್ರದಲ್ಲಿ ಬೀಗರ ಮುನಿಸು

ಒಂದು ಮನೆತನದಲ್ಲಿ ಮೊಟ್ಟಮೊದಲು ಡಿಗ್ರಿ ತೆಗೆದುಕೊಂಡವನನ್ನು ಆ ಡಿಗ್ರಿ ಯಾವ ವಿಷಯದ್ದು ಅಂತ ಯಾರೂ ಕೇಳುವುದಿಲ್ಲ. ಎರಡನೆಯವನಿಂದ ಆ ವಿಚಾರಣೆ ಶುರುವಾಗುತ್ತದೆ. ಮೊದಲನೆಯವನಿಗೆ ಡಿಗ್ರಿ ಎಂದರೆ ಡಿಗ್ರಿ, ಅಷ್ಟೆ. ನಾನು ಬಿ.ಎಸ್ಸಿ.ಯಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಹೊಟ್ಟೆಪಾಡಿಗೆ ಮಾಡುತ್ತಿರುವುದು ಆರ್.ಟಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಊರವರ ಸಕ್ಕರೆ ಅಳೆಯುವ ಕೆಲಸ. ಆದರೆ ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದಲ್ಲಿರುವ ನಮ್ಮ ದಾಯಾದಿಗಳ ಪಾಲಿಗೆ ನಾನು ಓದದ ವಿಷಯವೇ ಇಲ್ಲ. ಬೋರ್‌ವೆಲ್ ಯಾವ ಮೂಲೆಯಲ್ಲಿ ಕೊರೆಸಬೇಕು, ಹೊಸ ಟಿ.ವಿ.ಯಲ್ಲಿ ಧಾರಾವಾಹಿ ಯಾಕೆ ನಿಂತು ನಿಂತು ಬರುತ್ತದೆ, ದೊಡ್ಡಪ್ಪನ ಸೊಸೆ ಯಾಕೆ ಮಾತು ಬಿಟ್ಟಿದ್ದಾಳೆ, ಎಲ್ಲಕ್ಕೂ ಒಂದೇ ಉತ್ತರ: ಅವನನ್ನು ಕೇಳಿ, ಅವನು ಓದಿಕೊಂಡಿದ್ದಾನೆ. ನನಗೆ ಇದರಿಂದ ಬೇಸರವಾಗುತ್ತದೆ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮಪ್ಪ ಸೊಪ್ಪು ಬೆಳೆದು ಯಶವಂತಪುರದ ಮಾರುಕಟ್ಟೆಗೆ ಹಾಕುತ್ತಿದ್ದ ಕಾಲದಲ್ಲಿ ಅದೇ ಟೆಂಪೋದಲ್ಲಿ, ಸೊಪ್ಪಿನ ಮೂಟೆಗಳ ಮೇಲೆ ಕೂತು ಕಾಲೇಜಿಗೆ ಹೋದವನು ನಾನು. ನಾನು ಒಳಗೆ ಬಂದರೆ ತರಗತಿಗೆಲ್ಲ ಕೊತ್ತಂಬರಿ ವಾಸನೆ. ಮುಂದಿನ ಬೆಂಚಿನವರು ತಿರುಗಿ ನೋಡದೆಯೇ ನನ್ನ ಹಾಜರಿ ಕೂಗಬಹುದಿತ್ತು. ಹಾಗೆ ಬಂದ ಡಿಗ್ರಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದೇನೆ. ಆಯುಧಪೂಜೆಯ ದಿನ ಅಮ್ಮ ಅದಕ್ಕೂ ಕುಂಕುಮ ಇಡುತ್ತಿದ್ದಳು. ಆ ಕಲೆ ಇನ್ನೂ ಗಾಜಿನ ಮೇಲಿದೆ, ಒರೆಸಲು ನಾನು ಬಿಟ್ಟಿಲ್ಲ.

ಈ ಡಿಗ್ರಿಯೇ ನನ್ನನ್ನು ಹೋದ ತಿಂಗಳು ಅರಬ್ಬೀ ಸಮುದ್ರದ ಮಧ್ಯಕ್ಕೆ ಎಳೆದುಕೊಂಡು ಹೋಯಿತು. ಎಳೆದವನು ನನ್ನ ಬಾಮೈದ, ಅಂದರೆ ನನ್ನ ಹೆಂಡತಿ ಸರೋಜಳ ತಮ್ಮ, ಮುನಿರಾಜು. ಜಕ್ಕೂರಿನವನು. ಅವರಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಇವನು ಅಪಾರ್ಟ್‌ಮೆಂಟು ಎಬ್ಬಿಸುತ್ತಾನೆ. ಕೈ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು, ಗಮನ ಮಾತ್ರ ಸದಾ ಫೋನಿನಲ್ಲಿ. ಅವನ ಮಗಳು ಕಾವ್ಯಳನ್ನು ಟಿ. ದಾಸರಹಳ್ಳಿಯ ಆಂಜಿನಪ್ಪನವರ ಮಗನಿಗೆ ಕೊಡುವುದೆಂದು ಗೊತ್ತಾಗಿ, ನಿಶ್ಚಿತಾರ್ಥವೂ ಜೋರಾಗಿ ನಡೆಯಿತು. ಹೂವಿನ ಅಲಂಕಾರ ಚೆನ್ನಾಗಿತ್ತು, ಊಟ ಬೊಂಬಾಟಾಗಿತ್ತು. ಒಂದೇ ಒಂದು ತಪ್ಪು ನಡೆದುಹೋಯಿತು. ಬೀಗರನ್ನು ಊಟಕ್ಕೆ ಕರೆಯಲಿಲ್ಲ.

ನಮ್ಮವರಲ್ಲಿ ಊಟ ಹಾಕುವುದು ಒಂದು, ಊಟಕ್ಕೆ ಕರೆಯುವುದು ಇನ್ನೊಂದು. ಮೈಕಿನಲ್ಲಿ ‘ಎಲ್ಲರೂ ಊಟಕ್ಕೆ ದಯಮಾಡಿಸಬೇಕು’ ಎಂದು ಕೂಗಿದರೆ ಅದು ಎಲ್ಲರಿಗೂ. ಬೀಗರು ಆ ಎಲ್ಲರಲ್ಲಿ ಸೇರುವುದಿಲ್ಲ. ಅವರು ಕೂತಲ್ಲಿಗೆ ಹೋಗಬೇಕು, ಕೈ ಮುಗಿಯಬೇಕು, ‘ಏಳಿ, ಊಟಕ್ಕೆ’ ಅನ್ನಬೇಕು. ಅವರು ‘ಆಗ್ಲಿ ಬಿಡಿ, ಏನವಸರ’ ಅನ್ನಬೇಕು. ಇನ್ನೊಂದು ಸಲ ಅನ್ನಬೇಕು. ಆಗ ಅವರು ಏಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಮುನಿರಾಜುವಿನ ಕಾಂಕ್ರೀಟ್ ಲಾರಿಯೊಂದು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕೆಟ್ಟು ನಿಂತು, ಅವನು ಫೋನು ಹಿಡಿದು ಮಂಟಪದ ಹಿಂದೆ ಕೂಗಾಡುತ್ತಿದ್ದ. ಮನೆಯ ಹಿರಿಯ ಅಳಿಯನಾದ ನಾನು ಕರೆಯಬಹುದಿತ್ತು. ಆದರೆ ನಾನಾಗಲೇ ಮೊದಲ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಆಂಜಿನಪ್ಪನವರು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರು. ಪಂಕ್ತಿಗಳು ಎದ್ದವು, ಎಲೆಗಳು ಹೋದವು, ಬಾಡಿಗೆ ಕುರ್ಚಿಯವರು ಅವರ ಸುತ್ತಲಿನ ಕುರ್ಚಿಗಳನ್ನೆಲ್ಲ ಎತ್ತಿ ಜೋಡಿಸತೊಡಗಿದರು. ಅವರು ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಇದು ನಮಗೆ ತಿಳಿದದ್ದು ಬಹಳ ತಡವಾಗಿ. ಮದುವೆಯ ಮಾತಿಗೆಂದು ಅವರು ಜಕ್ಕೂರಿಗೆ ಬಂದಾಗೆಲ್ಲ ಕಾಫಿ ತಂದಿಟ್ಟರೆ ‘ಈಗ್ತಾನೆ ಆಯ್ತು’ ಅನ್ನುತ್ತಿದ್ದರು. ಊಟವೆಂದರೂ ಈಗ ತಾನೆ ಆಗಿರುತ್ತಿತ್ತು. ಬೇಸಿಗೆಯಂಥ ಬಿಸಿಲಿನಲ್ಲಿ ಬಂದು ನೀರೂ ಈಗ ತಾನೆ ಕುಡಿದಿರುತ್ತಿದ್ದರು. ಒಂದು ದಿನ ಅವರು ಹೋದ ಮೇಲೆ ಕಾವ್ಯ ಆ ಮುಟ್ಟದ ಲೋಟವನ್ನು ನೋಡುತ್ತಾ, ನಮ್ಮನೆಯಲ್ಲಿ ನೀರು ಕುಡಿಯದವರ ಮನೆಗೆ ನಾನು ಹೋಗಿ ಹೇಗಪ್ಪ ಇರಲಿ ಅಂದಳಂತೆ. ಮುನಿರಾಜುವಿಗೆ ಎಷ್ಟು ಲಾರಿ ಕೆಟ್ಟರೂ ಬಾರದ ಕಣ್ಣೀರು ಅವತ್ತು ಬಂತು. ಕ್ಷಮೆ ಕೇಳಿಬಿಡಬಹುದಲ್ಲ ಎಂದು ನೀವು ಅನ್ನಬಹುದು. ಆಗುವುದಿಲ್ಲ. ‘ಬೇಜಾರಾಯ್ತಾ ಬೀಗರೇ’ ಎಂದರೆ ‘ನಂಗ್ಯಾಕೆ ಬೇಜಾರು’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಬಾಗಿಲು ಮುಚ್ಚಿತು. ಮುನಿಸು ಇದೆಯೆಂದು ಇಬ್ಬರೂ ಒಪ್ಪದೆ ಮುನಿಸನ್ನು ತೆಗೆಯಬೇಕು. ಮದುವೆಗೆ ಮೊದಲು ಆಂಜಿನಪ್ಪನವರು ಮುನಿರಾಜುವಿನ ಕೈಯಿಂದ ಒಂದು ತುತ್ತು ತಿನ್ನಬೇಕು. ಕೆಲಸ ಇಷ್ಟೇ.

ಇದಕ್ಕೆ ಮುನಿರಾಜು ಕಂಡುಕೊಂಡ ಉಪಾಯ ಮೀನಿನ ಬೇಟೆ. ಅವನಿಗೆ ಸಿಮೆಂಟು ಹಾಕುವ ವ್ಯಾಪಾರಿಯೊಬ್ಬ ಯಾವಾಗಲೋ ಹೋಗಿಬಂದಿದ್ದನಂತೆ. ಕರಾವಳಿಯ ಒಂದು ಸಣ್ಣ ಬಂದರಿನಿಂದ ಪ್ರೈವೇಟ್ ಬೋಟು. ನಾವೇ ನಾವು, ಬೇರೆ ಯಾರೂ ಇಲ್ಲ. ದಡ ಕಾಣದಷ್ಟು ದೂರ ಕರೆದುಕೊಂಡು ಹೋಗಿ, ಕೈಗೆ ಗಾಳದ ಕೋಲು ಕೊಟ್ಟು, ದೊಡ್ಡ ದೊಡ್ಡ ಮೀನು ಹಿಡಿಸುತ್ತಾರೆ. ಮೀನಿಗೂ ಮುನಿಸಿಗೂ ಏನು ಸಂಬಂಧ ಎಂದು ನಾನು ಕೇಳಿದೆ.

“ಬಾವ, ಛತ್ರದಲ್ಲಾದ್ರೆ ಎದ್ದು ಮನೆಗೆ ಹೋಗ್ತಾರೆ,” ಅಂದ ಮುನಿರಾಜು. “ಸಮುದ್ರದಲ್ಲಿ ಎದ್ದು ಎಲ್ಲಿಗೆ ಹೋಗ್ತಾರೆ ಹೇಳಿ?”

ಅವನ ಲೆಕ್ಕ ಸರಳವಾಗಿತ್ತು. ಬೀಗರು ಮೀನು ಹಿಡಿಯಬೇಕು, ಖುಷಿಯಾಗಬೇಕು, ಸಣ್ಣ ಮೀನು ಸಿಕ್ಕಿದರೆ ಅಲ್ಲೇ ಹುರಿಯಬೇಕು, ಹಸಿದ ಹೊತ್ತಿನಲ್ಲಿ ಇವನು ತಟ್ಟೆ ಹಿಡಿದು ಮುಂದೆ ನಿಲ್ಲಬೇಕು. ನಾನು ಯಾಕೆ ಬರಬೇಕೆಂದರೆ, ಮೀನಿನ ವಿಷಯ ಓದಿದವನಂತೆ. ನಾನು ಓದಿದ ಮೀನಿನ ಕತೆಯನ್ನೂ ಹೇಳಿಬಿಡುತ್ತೇನೆ. ಡಿಗ್ರಿಯಲ್ಲಿ ನಮಗೆ ಕೊಯ್ಯಲು ಕೊಡುತ್ತಿದ್ದದ್ದು ಒಂದು ಸಣ್ಣ ಜಾತಿಯ ಶಾರ್ಕು. ಬಕೀಟಿನಲ್ಲಿ, ಫಾರ್ಮಲಿನ್ನಿನಲ್ಲಿ ಮುಳುಗಿ ಎಷ್ಟೋ ಕಾಲದಿಂದ ಮಲಗಿರುತ್ತಿತ್ತು. ಬಣ್ಣ ಹಳೆಯ ಸಿಮೆಂಟಿನದು. ಅದರ ತಲೆ ಕೊರೆದು ಮೆದುಳಿನ ನರಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಬೇಕಿತ್ತು, ಬಿಡಿಸಿ ತೋರಿಸಿದೆ, ಪಾಸಾದೆ. ಇಷ್ಟಾದರೂ ಸಮುದ್ರದ ಮೀನು ಜೀವಂತ ಇದ್ದಾಗ ಹೇಗಿರುತ್ತದೆ ಎಂದು ನೋಡಿದವನಲ್ಲ. ಜಕ್ಕೂರು ಕೆರೆಯ ಏರಿಯ ಮೇಲೆ ವಾಕಿಂಗ್ ಹೋದಾಗ ಹೆಜ್ಜಾರ್ಲೆ ಹಕ್ಕಿ ಕೊಕ್ಕಿನ ಚೀಲದಲ್ಲಿ ಏನನ್ನೋ ತುಂಬಿಕೊಳ್ಳುವುದನ್ನು ನಿಂತು ನೋಡುತ್ತೇನೆ. ಒಳಗೆ ಹೋದದ್ದು ಏನು, ಎಂಥದು ಎಂದು ತಿಳಿಯದೆ ಮನೆಗೆ ಬರುತ್ತೇನೆ. ಅಂಥ ತಿಳಿಯದವುಗಳ ಒಂದು ಮೂಟೆಯೇ ನನ್ನಲ್ಲಿತ್ತು. ಹಾಗಾಗಿ ಬೀಗರ ಮುನಿಸಿಗಿಂತ ನನ್ನ ಕುತೂಹಲಕ್ಕೆ ಬರುತ್ತೇನೆಂದು ಒಪ್ಪಿಕೊಂಡೆ.

ದಿನ ಗೊತ್ತುಮಾಡುವುದರಲ್ಲಿ ಮುನಿರಾಜು ತೋರಿದ ಎಚ್ಚರವನ್ನು ಅವನ ಕಟ್ಟಡಗಳ ಪಾಯದಲ್ಲೂ ತೋರಿರಲಿಕ್ಕಿಲ್ಲ. ಧನುರ್ಮಾಸ ಕಳೆದಿರಬೇಕು, ಕಳೆದಿತ್ತು. ಅಮಾವಾಸ್ಯೆ ಹತ್ತಿರ ಇರಬಾರದು, ಇರಲಿಲ್ಲ. ಮುನಿರಾಜುವಿನ ಮನೆಯಲ್ಲಿ ಸೋಮವಾರ ಬಾಡು, ಮೀನು ಬೇಯಿಸುವುದಿಲ್ಲ, ಆದ್ದರಿಂದ ಸೋಮವಾರ ಬೇಡ. ಹೊರಡುವ ಹೊತ್ತು ರಾಹುಕಾಲದಲ್ಲಿ ಬೀಳಬಾರದು. ಎಲ್ಲವನ್ನೂ ಅಳೆದು ತೂಗಿ, ಶುಕ್ರವಾರ ಹೊರಟು ಶನಿವಾರ ಬೆಳಿಗ್ಗೆ ಬೋಟು ಹತ್ತುವುದು ಎಂದು ತೀರ್ಮಾನಿಸಿದ. ಬೀಗರೂ ಒಪ್ಪಿದರು. ಒಪ್ಪದೆ ಇರುವಂತಿರಲಿಲ್ಲ, ಬರುವುದಿಲ್ಲ ಎಂದರೆ ಬೇಜಾರಿದೆ ಎಂದು ಒಪ್ಪಿಕೊಂಡ ಹಾಗೆ. ಮುನಿರಾಜುವಿನ ಹೆಂಡತಿ ಎರಡು ದೊಡ್ಡ ಡಬ್ಬಿಯ ತುಂಬ ಕೈಮ ಉಂಡೆ, ಕೋಳಿ ಕಬಾಬು ಮಾಡಿ ಐಸ್ ಪೆಟ್ಟಿಗೆಯಲ್ಲಿಟ್ಟಳು. ನನ್ನದು ಸ್ವಲ್ಪ ಉರಿ ಹೊಟ್ಟೆ. ಸರೋಜ ನನಗೆಂದು ಚಿತ್ರಾನ್ನ ಮತ್ತು ಮೊಸರನ್ನಕ್ಕೆ ಬೇಕಾದದ್ದನ್ನೆಲ್ಲ ಕಟ್ಟಿಕೊಟ್ಟು, ಲಾಡ್ಜಿನವರ ಅಡುಗೆಮನೆಯಲ್ಲಿ ಬೆಳಿಗ್ಗೆ ಅನ್ನ ಮಾಡಿಸಿ ಕಲೆಸಿಕೊಳ್ಳಿ ಎಂದು ಸ್ಟೀಲ್ ಕ್ಯಾರಿಯರ್ ಕೈಗಿಟ್ಟಳು. ಹಾಗೇ ಮಾಡಿಕೊಂಡೆ. ಬೀಗರು ಟವೆಲ್ಲು, ಒಂದು ಬಾಟಲಿ ಸ್ವಂತ ನೀರು, ಕೈಚೀಲದಲ್ಲಿ ಸ್ವಂತ ಕಡಲೆಪುರಿ ತಂದಿದ್ದರು. ದಾರಿಯುದ್ದಕ್ಕೂ ಹೋಟೆಲಿಗೆ ಇಳಿದಾಗಲೆಲ್ಲ ಅವರಿಗೆ ಈಗ ತಾನೆ ಆಗಿರುತ್ತಿತ್ತು.

ಬೋಟಿನ ಯಜಮಾನ ವಸಂತ ಎಂಬ ನಗುಮುಖದ ಮನುಷ್ಯ. ಬಿಳಿ ಬೋಟು, ಹಿಂದೆ ಎರಡು ಇಂಜಿನ್ನು. ಗಾಳದ ಕೋಲುಗಳನ್ನು ಎರಡೂ ಕಡೆ ತೂತುಗಳಲ್ಲಿ ಸಿಕ್ಕಿಸಿ ಮದುವೆಮನೆಯ ಬಾಳೆಕಂಬಗಳ ಹಾಗೆ ನಿಲ್ಲಿಸಿದ್ದ. ಹೊರಡುವ ಮೊದಲೇ ಅವನು ಹೇಳಿದ: ಸಣ್ಣ ಮೀನು ಸಿಕ್ಕಿದರೆ ಬೇಕಾದರೆ ಹುರಿಯೋಣ, ದೊಡ್ಡದು ಸಿಕ್ಕಿದರೆ ಫೋಟೋ ತೆಗೆದು ನೀರಿಗೇ ಬಿಡುವುದು, ಅದು ಈ ಬೋಟಿನ ಪದ್ಧತಿ, ಆದರೆ ಕೊನೆಯ ಮಾತು ಪಾರ್ಟಿಯದು. ಮುನಿರಾಜು ಅದನ್ನು ಕೇಳಿಸಿಕೊಳ್ಳಲಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿ ಅವನ ಹೊಟ್ಟೆಯ ಮೇಲೆ ಸೇರಲು ಒಪ್ಪದೆ ಹೋರಾಡುತ್ತಿತ್ತು. ನಾನು ಕೇಳಿಸಿಕೊಂಡೆ, ಮತ್ತು ಪ್ರಶ್ನೆಗಳನ್ನು ಶುರುಮಾಡಿದೆ. ಮೀನು ಎಲ್ಲಿದೆಯೆಂದು ಹೇಗೆ ಗೊತ್ತು? ಆ ಹಕ್ಕಿಗಳು ಯಾಕೆ ಅಲ್ಲೇ ಸುತ್ತುತ್ತಿವೆ? ದಾರದ ತುದಿಯಲ್ಲಿ ಕಟ್ಟಿದ ಈ ಬಣ್ಣದ ಸುಳ್ಳುಮೀನನ್ನು ನಿಜದ ಮೀನು ಯಾಕೆ ನಂಬುತ್ತದೆ? ಒಮ್ಮೆ ಮೋಸಹೋದ ಮೀನಿಗೆ ಇನ್ನೊಮ್ಮೆ ನೆನಪಿರುತ್ತದೆಯೆ? ವಸಂತ ಮೊದಲು ಉತ್ತರ ಕೊಟ್ಟ, ಆಮೇಲೆ ಹೂಂಗುಟ್ಟಿದ, ಕೊನೆಗೆ ಇಂಜಿನ್ ಸದ್ದು ಜೋರು ಮಾಡಿದ. ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ. ಕರ್ನಾಟಕ ಇರಲಿಲ್ಲ. ಸುತ್ತಲೂ ನೀರು, ಮೇಲೆ ಬಿಸಿಲು. ನನ್ನ ಹೊಟ್ಟೆಯೊಳಗೆ ಏನೋ ಒಂದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ಹೊರಳಾಡತೊಡಗಿತು.

ಸುಳ್ಳುಮೀನುಗಳನ್ನು ಹಿಂದಕ್ಕೆ ಬಿಟ್ಟು, ಬೋಟನ್ನು ನಿಧಾನ ಮಾಡಿ, ವಸಂತ ನಡುವಿನ ಕುರ್ಚಿ ತೋರಿಸಿದ. ದೊಡ್ಡವರು ಮೊದಲು ಕೂತುಕೊಳ್ಳಿ ಎಂದು ಬೀಗರಿಗೆ ಹೇಳಿದ. ಆಂಜಿನಪ್ಪನವರು ಏಳಲಿಲ್ಲ. ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

“ಇವತ್ತು ಶನಿವಾರ,” ಅಂದರು. “ನಾನು ಮುಟ್ಟಾಕಿಲ್ಲ. ನೀವು ಮಾಡ್ಕಳಿ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಮನೆಗೆ ಒಂದೊಂದು ವಾರ. ಆ ವಾರ ಬಾಡು ಇಲ್ಲ, ಮೀನಿಲ್ಲ, ಮೊಟ್ಟೆಯೂ ಇಲ್ಲ. ಶನಿವಾರ ಆಂಜನೇಯನ ವಾರ. ತನ್ನ ಹೆಸರಿನಲ್ಲೇ ಶನಿವಾರವನ್ನು ಹೊತ್ತುಕೊಂಡು ತಿರುಗುತ್ತಿದ್ದ ಮನುಷ್ಯನಿಗೆ ಶನಿವಾರದ ವಾರ ಇದ್ದೀತು ಎಂದು, ರಾಹುಕಾಲದವರೆಗೂ ಹೋದ ಮುನಿರಾಜುವಿಗೂ ಹೊಳೆದಿರಲಿಲ್ಲ, ವಿಜ್ಞಾನ ಓದಿದ ನನಗೂ ಹೊಳೆದಿರಲಿಲ್ಲ. ಮುನಿರಾಜುವಿನ ಮುಖ ನೋಡುವ ಹಾಗಿರಲಿಲ್ಲ. ಐಸ್ ಪೆಟ್ಟಿಗೆಯ ಕಬಾಬುಗಳು ಅವನ ಕಣ್ಣೆದುರೇ ಅಪರಾಧಿಗಳಾಗಿ ನಿಂತವು.

“ಮೊದ್ಲೇ ಒಂದ್ ಮಾತು ಹೇಳ್ಬಾರ್ದಾ ಬೀಗ್ರೇ?”

“ನೀವು ಒಂದ್ ಮಾತು ಕೇಳ್ಬಾರ್ದಾ?”

ಈ ಪ್ರಶ್ನೆ ಶನಿವಾರಕ್ಕೆ ಸಂಬಂಧಿಸಿದ್ದಲ್ಲ ಎಂದು ವಸಂತನನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು. ಮುನಿರಾಜು ಎದ್ದುಹೋಗಲಾಗದ ಜಾಗಕ್ಕೆ ಬೀಗರನ್ನು ಕರೆದುತಂದಿದ್ದ. ಈಗ ಎದ್ದುಹೋಗಲಾಗದೆ ಒದ್ದಾಡುತ್ತಿದ್ದವನು ಅವನೇ. ಅವನು ನನ್ನ ಕಡೆ ತಿರುಗಿದ. ನಮ್ಮ ಮನೆತನದಲ್ಲಿ ಎಲ್ಲ ದಾರಿ ಮುಚ್ಚಿದಾಗ ಜನ ನನ್ನ ಡಿಗ್ರಿಯ ಕಡೆ ತಿರುಗುವ ನೋಟ ಅದು. ಓದಿದವರು ನೀವು, ಏನಾದರೂ ಹೇಳಿ ಅಂದ.

ನಾನು ಕಂಬಿ ಹಿಡಿದು ಎದ್ದು ನಿಂತೆ. ಕೂತರೆ ಹೊಟ್ಟೆ ಬಾಯಿಗೆ ಬರುತ್ತಿತ್ತು, ನಿಂತರೆ ಗಂಟಲಲ್ಲಿ ನಿಲ್ಲುತ್ತಿತ್ತು. ಆ ಸ್ಥಿತಿಯಲ್ಲೇ ನನ್ನ ವಾದ ಮಂಡಿಸಿದೆ. ಇಲ್ಲಿ ದೊಡ್ಡ ಮೀನನ್ನು ಕೊಲ್ಲುವ ಪದ್ಧತಿಯೇ ಇಲ್ಲ, ಹಿಡಿಯುತ್ತಾರೆ, ಬಿಡುತ್ತಾರೆ. ಕೊಲ್ಲದೆ, ತಿನ್ನದೆ ಇದ್ದ ಮೇಲೆ ವಾರ ಹೇಗೆ ಕೆಡುತ್ತದೆ? ನೀವು ಹಿಡಿಯುವುದು ಕೋಲನ್ನು, ಮೀನನ್ನಲ್ಲ. ಬೀಗರು ನನ್ನನ್ನೇ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ನಿಜವಾದ ಸಂಶಯ ಇತ್ತು.

“ತಿನ್ನಾಕಿಲ್ಲ, ಮಾರಾಕಿಲ್ಲ,” ಅಂದರು. “ಮತ್ಯಾಕೆ ಇಡೀಬೇಕು?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಬೆಳಗಿನಿಂದ ನಾನೂ ಕೇಳಿರಲಿಲ್ಲ. ನನಗೂ ಉತ್ತರ ಬೇಕಿತ್ತು. ವಸಂತ ಅದು ಸ್ಪೋರ್ಟು ಅಲ್ವಾ ಮಾರಾಯ್ರೆ ಅಂದ. ಅವನ ಮಟ್ಟಿಗೆ ಅದೇ ಉತ್ತರ. ಆಂಜಿನಪ್ಪನವರಿಗೆ ಸಾಲಲಿಲ್ಲ, ನನಗೂ ಸಾಲಲಿಲ್ಲ. ಡಿಗ್ರಿಯ ಯಾವ ಪುಟದಲ್ಲೂ ಇದರ ಉತ್ತರ ಇದ್ದ ನೆನಪಾಗಲಿಲ್ಲ. ನೆನಪಾದದ್ದು ಸಿಂಗಾಪುರದ ಶಾಲೆಯ ಮೈದಾನ, ಅಲ್ಲಿ ಮೊಣಕೈ ತರಚಿಸಿಕೊಂಡ ಸಂಜೆಗಳು.

“ಬೀಗ್ರೇ, ಕಬಡ್ಡಿಯಲ್ಲಿ ಹಿಡಿತೀವಲ್ಲ,” ಅಂದೆ. “ಹಿಡಿದವನನ್ನ ತಿಂತೀವಾ?”

ಆಂಜಿನಪ್ಪನವರ ಮೀಸೆಯ ಒಂದು ತುದಿ ಅಲುಗಿತು. ತಿರುಗಿ ನೀರನ್ನು ನೋಡಿದರು, ಕೋಲನ್ನು ನೋಡಿದರು, ತಮ್ಮ ಮೊಣಕಾಲನ್ನು ನೋಡಿಕೊಂಡರು. ಅವರು ಪ್ರಾಯದಲ್ಲಿ ದಾಸರಹಳ್ಳಿಯ ತಂಡದಲ್ಲಿ ಆಡಿದವರು, ಹಿಡಿತಕ್ಕೆ ಹೆಸರಾದವರು ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದು ಹೇಳಿದೆ ಎಂದು ಮುನಿರಾಜು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ. ನಾನು ಅಲ್ಲಗಳೆಯಲು ಹೋಗಿಲ್ಲ. ಅವರು ಎದ್ದು, ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಕುರ್ಚಿ ಬೇಡವೆಂದು ಕೈಯಾಡಿಸಿ, ಹಿಂದಿನ ಅಂಚಿನಲ್ಲಿ ಕಾಲು ಅಗಲಿಸಿ ನಿಂತರು. ವಸಂತ ಅವರ ನಡುವಿಗೆ ಒಂದು ಪಟ್ಟಿ ಕಟ್ಟಿ, ಅದರಲ್ಲಿ ಗಾಳದ ಕೋಲಿನ ಬುಡ ಊರಿ ಕೈಗೆ ಕೊಟ್ಟ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಬಾವುಟದ ಕೋಲು ಊರಲು ಕಟ್ಟಿಕೊಳ್ಳುತ್ತಾರಲ್ಲ, ಥೇಟು ಅಂಥದು.

ಮೀನು ಬಂದದ್ದು ಹೇಗೆಂದು ಯಾರಿಗೂ ಕಾಣಲಿಲ್ಲ, ಕೇಳಿಸಿತು. ಕೋಲಿಗೆ ದಾರ ಸುತ್ತಿದ್ದ ರೀಲು ಕಿರ್ರೆಂದು ಕೂಗಿತು. ದಾರ ನಮ್ಮನ್ನು ಬಿಟ್ಟು ಓಡತೊಡಗಿತು. ಬೀಗರು ಎರಡು ಹೆಜ್ಜೆ ಮುಂದಕ್ಕೆ ಜಾರಿದರು. ಮುನಿರಾಜು ಹಿಂದಿನಿಂದ ಹಾರಿ ಅವರ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದ. ನಿಶ್ಚಿತಾರ್ಥದಿಂದೀಚೆಗೆ ಒಬ್ಬರಿಗೊಬ್ಬರು ಕೈ ಸೋಕಿಸದೆ ಇದ್ದ ಇಬ್ಬರು ಬೀಗರು ನಡುನೀರಿನಲ್ಲಿ ಒಂದೇ ಬೆನ್ನಾಗಿ ನಿಂತರು. ಎಳೆಯಿರಿ ಎಂದು ವಸಂತ ಕೂಗಿದರೆ ಎಳೆದರು, ಬಿಡಿ ಎಂದರೆ ಬಿಟ್ಟರು. ಆಂಜಿನಪ್ಪನವರ ತುಟಿಗಳು ಆಡುತ್ತಿದ್ದವು. ಆಂಜನೇಯನ ಸ್ತೋತ್ರವೋ ಕಬಡ್ಡಿಯ ಉಸಿರೋ ನನಗೆ ತಿಳಿಯಲಿಲ್ಲ. ಕೇಳಬೇಕೆಂದಿದ್ದೆ, ಆದರೆ ಆ ಹೊತ್ತಿಗೆ ನನ್ನ ಬೆಳಗಿನ ತಿಂಡಿ ನನ್ನನ್ನು ಬಿಟ್ಟು ಸಮುದ್ರ ಸೇರುತ್ತಿತ್ತು. ಹಾಗೆ ಬಗ್ಗಿದ್ದರಿಂದಲೇ ನಾನು ಅದನ್ನು ಎಲ್ಲರಿಗಿಂತ ಮೊದಲು ನೋಡಿದ್ದು. ಆಳದಲ್ಲಿ ಏನೋ ಬೆಳ್ಳಗೆ ಹೊರಳಿತು. ಮಾಯವಾಯಿತು. ಮತ್ತೆ ಹೊರಳಿದಾಗ ದೊಡ್ಡದಾಗಿತ್ತು. ಮೇಲಕ್ಕೆ ಬಂದಾಗ ಅದರ ಮೈಮೇಲೆ ಬಣ್ಣಗಳು ಓಡಾಡುತ್ತಿದ್ದವು. ಬೆಳ್ಳಿ, ಅದರೊಳಗೆ ಹಸಿರು, ಹಸಿರಿನೊಳಗೆ ನೇರಳೆ. ಒಂದನ್ನು ಹೆಸರಿಸುವಷ್ಟರಲ್ಲಿ ಇನ್ನೊಂದು. ಹಣೆ ಉಬ್ಬಿದ, ಕಣ್ಣು ಅಗಲವಾದ ಮೀನು. ವಸಂತ ಅದಕ್ಕೆ ಏನೋ ಹೆಸರು ಹೇಳಿದ, ನನ್ನ ಕಿವಿಗೆ ಬೀಳಲಿಲ್ಲ. ಬಾಯಿ ಒರೆಸಿಕೊಳ್ಳುವುದನ್ನೂ ಮರೆತು ನೋಡಿದೆ. ಬಕೀಟಿನ ಸಿಮೆಂಟು ಬಣ್ಣವನ್ನು ಮೀನಿನ ಬಣ್ಣ ಎಂದು ಬರೆದು ಪಾಸಾದವನಿಗೆ ಅಂದು ಮೊದಲ ಪಾಠವಾಯಿತು.

ವಸಂತ ಅದನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ಬೋಟಿನ ಅಂಚಿನಲ್ಲಿ ನೀರಿಗೆ ತಾಗಿಸಿಯೇ ಇಟ್ಟುಕೊಂಡ. ಫೋಟೋ ಆಯಿತು. ಮುನಿರಾಜುವಿನ ಕಣ್ಣು ಮಾತ್ರ ಮೀನಿನಿಂದ ಏಳಲಿಲ್ಲ. ಮಗಳ ಮದುವೆ, ಬೀಗರ ಮುನಿಸು ಎಲ್ಲ ಮರೆತು ಅವನು ಅದರ ಹೊಟ್ಟೆಯ ಅಗಲವನ್ನೇ ನೋಡುತ್ತಿದ್ದ. ಸಮುದ್ರದ ಮೀನು ತರುತ್ತೇನೆ, ಭಾನುವಾರ ಯಾರೂ ಒಲೆ ಹಚ್ಚಬೇಡಿ ಎಂದು ಇಡೀ ಬೀದಿಗೆ ಹೇಳಿ ಬಂದಿದ್ದನಂತೆ. ನನ್ನ ಹತ್ತಿರ ಸರಿದು ಕಿವಿಯಲ್ಲಿ ಹೇಳಿದ: ಐಸಿನಲ್ಲಿಟ್ಟರೆ ನಾಳೆ ಭಾನುವಾರ, ನಾಳೆಗೆ ಯಾವ ವಾರವೂ ಇಲ್ಲ.

“ಇದು ಇನ್ನು ಬದುಕಲ್ಲ ಅಂತ ಹೇಳ್ಬಿಡಿ ಬಾವ,” ಅಂದ. “ನಿಮ್ಮ ಮಾತು ಅಂದ್ರೆ ಅವ್ರು ನಂಬ್ತಾರೆ.”

ಬೀಗರು ತಿರುಗಿದರು. ಅವರೂ ಅದನ್ನೇ ಕೇಳಿದರು: ಓದಿಕೊಂಡಿರುವವರು ನೀವು, ಹೇಳಿ, ಬಿಟ್ಟರೆ ಬದುಕುತ್ತದಾ? ನಾನು ಬಗ್ಗಿ ನೋಡಿದೆ. ಕಿವಿರುಗಳು ಸಮವಾಗಿ ತೆರೆದು ಮುಚ್ಚುತ್ತಿದ್ದವು, ಒಳಗೆ ಕೆಂಪು ಹೊಳೆಯುತ್ತಿತ್ತು. ಇಷ್ಟು ವರ್ಷ ಬೋರ್‌ವೆಲ್ಲಿನ ಬಗ್ಗೆ, ಟಿ.ವಿ.ಯ ಬಗ್ಗೆ, ದೊಡ್ಡಪ್ಪನ ಸೊಸೆಯ ಬಗ್ಗೆ ಏನೇನೋ ಹೇಳಿಬಿಟ್ಟಿದ್ದೇನೆ, ಯಾವುದೂ ನಾನು ಓದಿದ್ದಲ್ಲ. ಇದೊಂದೇ ನಿಜಕ್ಕೂ ನಾನು ಓದಿದ ವಿಷಯದೊಳಗಿನ ಪ್ರಶ್ನೆ. ಸೊಪ್ಪಿನ ಮೂಟೆಯ ಮೇಲೆ ಕೂತು ತಂದ ಡಿಗ್ರಿಯನ್ನು ಒಂದು ಮೀನಿನ ಸಾರಿಗೆ ಒತ್ತೆಯಿಡಲು ಮನಸ್ಸು ಬರಲಿಲ್ಲ.

“ಬದುಕುತ್ತೆ,” ಅಂದೆ. “ಈಗಲೇ ಬಿಟ್ಟರೆ ಬದುಕುತ್ತೆ.”

ಮುನಿರಾಜು ನನ್ನನ್ನು ಒಮ್ಮೆ ನೋಡಿದ. ಆ ನೋಟವನ್ನು ನಾನು ಇನ್ನೂ ಅರ್ಥಮಾಡಿಕೊಳ್ಳುತ್ತಿದ್ದೇನೆ. ಆಂಜಿನಪ್ಪನವರು ಮಂಡಿಯೂರಿ ಕೂತು, ಮುಟ್ಟುವುದಿಲ್ಲ ಎಂದಿದ್ದವರು ಆ ಮೀನಿನ ಬೆನ್ನಿನ ಮೇಲೆ ಅಂಗೈ ಇಟ್ಟರು. ಸೋತ ಆಟಗಾರನ ಬೆನ್ನು ತಟ್ಟುವ ಹಾಗೆ ಎರಡು ಸಲ ತಟ್ಟಿದರು. “ಆಟ ಮುಗೀತು, ಓಗು,” ಅಂದರು. ವಸಂತ ಕೈ ಬಿಟ್ಟ. ಮೀನು ನಂಬದೆ ಒಂದು ಗಳಿಗೆ ಅಲ್ಲೇ ನಿಂತಿತು. ಬಾಲ ಬೀಸಿತು. ಹೋಯಿತು. ನಾವು ನಾಲ್ಕೂ ಜನ ಬರಿಯ ನೀರನ್ನು ಬಹಳ ಹೊತ್ತು ನೋಡುತ್ತಿದ್ದೆವು. ಯಾಕೆ ಹಿಡಿಯಬೇಕು ಎಂದು ಮತ್ತೆ ಯಾರೂ ಕೇಳಲಿಲ್ಲ.

ಬೀಗರು ಬೆಂಚಿನ ಮೇಲೆ ಕುಸಿದು ಕೂತರು. ಬಾಟಲಿ ಎತ್ತಿದರು, ಖಾಲಿ. ಕೈಚೀಲಕ್ಕೆ ಅಲೆಯ ನೀರು ನುಗ್ಗಿ ಕಡಲೆಪುರಿ ಒದ್ದೆ ಮುದ್ದೆಯಾಗಿತ್ತು. ಮುನಿರಾಜು ಇದನ್ನು ನೋಡಿದ. ಅವನು ಕಟ್ಟಡದಲ್ಲಿ, ವ್ಯವಹಾರದಲ್ಲಿ ಎಷ್ಟು ಜಾಣನೋ ನಾನು ಕಾಣೆ, ಆದರೆ ಆಗ ಮಾಡಿದ್ದು ಮಾತ್ರ ಜಾಣತನಕ್ಕಿಂತ ದೊಡ್ಡದು. ಫೋನನ್ನು ಜೇಬಿನಿಂದ ತೆಗೆದು ಆರಿಸಿದ. ಸ್ಟೀಲ್ ಕ್ಯಾರಿಯರನ್ನು ಬಿಚ್ಚಿ ತಟ್ಟೆಯಲ್ಲಿ ಬಡಿಸಿಟ್ಟ. ಕೈ ತೊಳೆದುಕೊಂಡ, ಕೆದರಿದ ತಲೆ ನೀವಿಕೊಂಡ. ಬೀಗರು ಕೂತಿದ್ದದ್ದು ಅವನಿಂದ ಒಂದು ಮಾರು ದೂರದಲ್ಲಿ. ಆ ಬೋಟಿನಲ್ಲಿ ಅದಕ್ಕಿಂತ ದೂರ ಹೋಗಲು ಜಾಗವೂ ಇರಲಿಲ್ಲ. ಆದರೂ ಎದ್ದು, ತೂಗಾಡುತ್ತಾ ನಡೆದುಹೋಗಿ, ಅವರ ಮುಂದೆ ನಿಂತು ಎರಡೂ ಕೈ ಮುಗಿದ.

“ಬೀಗ್ರೇ, ಏಳಿ. ಊಟಕ್ಕೆ.”

ಆಂಜಿನಪ್ಪನವರು ದೂರದ ನೀರನ್ನು ನೋಡಿದರು. “ಆಗ್ಲಿ ಬಿಡಿ, ಏನವ್ಸರ,” ಅಂದರು.

“ನೀವು ಕೂರ್ದೆ ನಾವ್ಯಾರೂ ಕೂರಲ್ಲ.”

ಅವರು ಎದ್ದರು. ಕೈ ತೊಳೆಯಲು ಮುನಿರಾಜುವೇ ನೀರು ಹಾಕಿದ. ಎದ್ದ ಜಾಗದಲ್ಲೇ ತಿರುಗಿ ಮತ್ತೆ ಕೂತರು, ಕೂರಲು ಬೇರೆ ಜಾಗ ಎಲ್ಲಿತ್ತು? ಮೊದಲ ತುತ್ತು ಬಾಯಿಗಿಟ್ಟು, ನೀರು ಕುಡಿದು, ಚಿತ್ರಾನ್ನ ಚೆನ್ನಾಗಿದೆ, ಹುಳಿ ಹದವಾಗಿದೆ ಅಂದರು. ನಮ್ಮಕ್ಕನ ಕೈದು ಅಂದ ಮುನಿರಾಜು. ಅವನ ಕಣ್ಣಲ್ಲಿ ನೀರಿತ್ತು; ಬಿಸಿಲಿಗೆ ಎಂದುಕೊಳ್ಳೋಣ. ಮದುವೆಗೆ ತಮ್ಮ ಕಡೆಯಿಂದ ಎಷ್ಟು ಬಸ್ಸು ಬೇಕಾಗಬಹುದು ಎಂದು ಬೀಗರೇ ಮಾತು ತೆಗೆದರು. ಕಾವ್ಯ ಗೆದ್ದಳು. ನನ್ನ ಕಣ್ಣೂ ತುಂಬಿ ಬಂತು. ಒರೆಸಿಕೊಂಡು ನೋಡುತ್ತೇನೆ: ಮುನಿರಾಜು ತನಗೆ ಬಡಿಸಿಕೊಂಡ. ವಸಂತನನ್ನು ಬನ್ನಿ ಅಣ್ಣ ಎಂದು ಕರೆದು ಅವನಿಗೂ ಬಡಿಸಿದ. ಮೊಸರನ್ನದ ಡಬ್ಬಿಯನ್ನು ಕೊನೆಯವರೆಗೂ ಕೆರೆದ.

ನನ್ನನ್ನು ಯಾರೂ ಕರೆಯಲಿಲ್ಲ.

ಚಿತ್ರಾನ್ನ ನನ್ನದು. ಅದು ಬಿಡಿ. ಕರೆದಿದ್ದರೂ ಒಂದು ಅಗುಳು ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಆಗಲೂ ಕಂಬಿ ಹಿಡಿದು ಸಮುದ್ರದ ಕಡೆ ಮುಖ ಮಾಡಿಯೇ ಇದ್ದೆ. ಬಾವನಿಗೆ ಹೊಟ್ಟೆ ಸರಿಯಿಲ್ಲ ಎಂದು ಅವನು ಬೀಗರಿಗೆ ಹೇಳಿದ್ದು ಕೇಳಿಸಿತು. ಸರಿ, ಆದರೆ ಅದನ್ನು ಹೇಳಬೇಕಾದವನು ನಾನಲ್ಲವೆ? ಅವನು ಕರೆಯಬೇಕು, ನಾನು ಬೇಡ ಅನ್ನಬೇಕು. ಆ ಮನೆಯ ಹಿರಿಯ ಅಳಿಯ ನಾನು. ಮರೆತನೋ, ಮೀನು ಬಿಡಿಸಿದ್ದಕ್ಕೆ ಬೇಕೆಂದೇ ಮರೆತನೋ? ವಾಪಸು ಬರುವಾಗ ಕಾರಿನಲ್ಲಿ ಹಾಸನ ದಾಟುವವರೆಗೆ ಮರೆತಿದ್ದಾನೆ ಎಂದುಕೊಂಡೆ, ಕುಣಿಗಲ್ ದಾಟಿದ ಮೇಲೆ ಬೇಕೆಂದೇ ಎನ್ನಿಸತೊಡಗಿತು. ಮುಂದಿನ ಸೀಟಿನಲ್ಲಿ ಬೀಗರಿಬ್ಬರೂ ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿನ್ನುತ್ತಾ ಜೋರಾಗಿ ನಗುತ್ತಿದ್ದರು.

ಇನ್ನೆರಡು ವಾರಕ್ಕೆ ಮದುವೆ. ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಊಟದ ಹೊತ್ತಿಗೆ ವೇದಿಕೆಯ ಪಕ್ಕದ ಒಂದು ಕುರ್ಚಿಯಲ್ಲಿ ಸುಮ್ಮನೆ ಕೂತುಕೊಳ್ಳುವುದು. ಮುನಿರಾಜು ಬಂದು ಕರೆಯುತ್ತಾನೋ ಇಲ್ಲವೋ ನೋಡುವುದು. ಇದು ಮುನಿಸು ಅಲ್ಲ. ಅಷ್ಟು ಓದಿದವನಿಗೆ ಎಂಥ ಮುನಿಸು? ಇದೊಂದು ಪ್ರಯೋಗ, ಬರೀ ಕುತೂಹಲ. ಸರೋಜಳಿಗೆ ಹೀಗೆಯೇ ಬಿಡಿಸಿ ಹೇಳಿದೆ. ಅವಳು ತರಕಾರಿ ಹೆಚ್ಚುತ್ತಾ, ತಲೆಯೆತ್ತದೆ, ಹಾಗಾದರೆ ಹೊರಡುವ ಮೊದಲು ಮನೆಯಲ್ಲೇ ನಾಲ್ಕು ಇಡ್ಲಿ ತಿಂದುಕೊಂಡು ಬನ್ನಿ ಅಂದಳು. ಬೇಡ ಅಂದಿದ್ದೇನೆ. ಹೊಟ್ಟೆ ತುಂಬಿದವನು ಕರೆಗಾಗಿ ಕಾದರೆ ಅದರಲ್ಲಿ ಏನು ಮರ್ಯಾದೆ?